ಕಲ್ಲು ಹರಿಯುವ ಆಳದಲ್ಲಿ ನೀರಿನ ಕೈವಾಡ

ಬೆಂಗಳೂರಿನ ಲಾಲ್‌ಬಾಗ್ ಬಂಡೆಯನ್ನು ನೀವು ಹತ್ತಿರದಿಂದ ನೋಡಿರಬಹುದು. ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯ ನೈಸ್ ಶಿಲೆ ಅದು. ಅದರ ಬಿಳಿ ಮತ್ತು ಬೂದು ಪಟ್ಟಿಗಳು ಕೆಲವೆಡೆ ನೇರವಾಗಿರದೆ, ಸೀರೆಯ ನೆರಿಗೆಯಂತೆ ಬಾಗಿ ಬಳುಕಿವೆ. ಒಮ್ಮೆ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದಿದ್ದಾಗ ಒಬ್ಬಳು ಕೇಳಿದಳು: “ಸರ್, ಕಲ್ಲನ್ನು ಬಗ್ಗಿಸಿದರೆ ಮುರಿಯಬೇಕಲ್ಲವೆ? ಇದು ಕರಗಿ ಹರಿದದ್ದೆ?” ನಾನು ಭೌತವಿಜ್ಞಾನದವನು, ಭೂವಿಜ್ಞಾನಿಯಲ್ಲ. ಆದರೂ ಆಕೆಯ ಪ್ರಶ್ನೆ ನಮ್ಮ ವಿಷಯದ್ದೇ ಎಂದು ಆಗ ಅನ್ನಿಸಿತು. ಕರಗದೆಯೂ ಘನವಸ್ತು ಹರಿಯಬಲ್ಲದು. ಅದಕ್ಕೆ ಬೇಕಾದದ್ದು ಶಾಖ, ಕಾಲ ಮತ್ತು ಒಂದಿಷ್ಟು ನೀರು.

ಮೊದಲು ಒಂದು ಸರಳ ಲೆಕ್ಕ ಮಾಡೋಣ. ಶಿಲೆಯ ಸಾಂದ್ರತೆ ಘನಮೀಟರಿಗೆ 2700 ಕಿ.ಗ್ರಾಂ. ಎಂದಿಟ್ಟುಕೊಂಡರೆ 10 ಕಿ.ಮೀ. ಆಳದಲ್ಲಿ ಮೇಲಿನ ಕಲ್ಲಿನ ತೂಕದಿಂದ ಉಂಟಾಗುವ ಒತ್ತಡ 2700 × 9.8 × 10,000, ಅಂದರೆ ಸುಮಾರು 26.5 ಕೋಟಿ ಪಾಸ್ಕಲ್. ಇದು ವಾಯುಮಂಡಲದ ಒತ್ತಡದ 2600 ಪಟ್ಟು. ಕಿಲೋಮೀಟರಿಗೆ 25 ಡಿಗ್ರಿಯಂತೆ ಉಷ್ಣತೆ ಏರಿದರೆ ಅಲ್ಲಿ 250 ಡಿಗ್ರಿ ಸೆ.ಗಿಂತ ಹೆಚ್ಚು ಬಿಸಿಯಿರುತ್ತದೆ. ಎಲ್ಲ ಕಡೆಯಿಂದಲೂ ಸಮನಾಗಿ ಬೀಳುವ ಒತ್ತಡ ಕಲ್ಲಿನ ಗಾತ್ರವನ್ನು ತುಸು ಕುಗ್ಗಿಸುತ್ತದೆಯೇ ಹೊರತು ಆಕಾರವನ್ನು ಬದಲಿಸುವುದಿಲ್ಲ ಎಂಬುದನ್ನು ಗಮನಿಸಿ. ಆಕಾರ ಬದಲಾಗಲು ಒಂದು ದಿಕ್ಕಿನ ಒತ್ತಡ ಇನ್ನೊಂದು ದಿಕ್ಕಿನದಕ್ಕಿಂತ ಹೆಚ್ಚಿರಬೇಕು. ಭೂಫಲಕಗಳು ಒಂದನ್ನೊಂದು ತಳ್ಳುವಾಗ ಆಗುವುದು ಇದೇ. ವೇಗವಾದರೋ ಬಹಳ ಕಡಿಮೆ: ಸೆಕೆಂಡಿಗೆ ಕೋಟಿಯ ಕೋಟಿಯಲ್ಲಿ ಒಂದು ಪಾಲು ಎನ್ನುವಂಥದ್ದು. ಆದರೆ ಈ ವೇಗದಲ್ಲಿಯೂ ಒಂದು ಮೀಟರ್ ಉದ್ದದ ಕಲ್ಲು ಹತ್ತು ಲಕ್ಷ ವರ್ಷದಲ್ಲಿ 30 ಸೆಂ.ಮೀ. ಹಿಗ್ಗುತ್ತದೆ!

ಹರಳಿನೊಳಗೆ ಇದು ಹೇಗೆ ನಡೆಯುತ್ತದೆ? ದೊಡ್ಡ ಜಮಖಾನವನ್ನು ನೆಲದ ಮೇಲೆ ಒಂದೇ ಬಾರಿಗೆ ಎಳೆಯುವುದು ಕಷ್ಟ. ಒಂದು ಅಂಚಿನಲ್ಲಿ ಸುಕ್ಕು ಮಾಡಿ ಅದನ್ನು ಇನ್ನೊಂದು ಅಂಚಿಗೆ ತಳ್ಳಿಕೊಂಡು ಹೋದರೆ ಜಮಖಾನ ಸುಲಭವಾಗಿ ಸರಿಯುತ್ತದೆ. ಹರಳಿನ ಪರಮಾಣು ಸಾಲುಗಳಲ್ಲಿಯೂ ಇಂಥ ಸುಕ್ಕುಗಳಿವೆ. ಅವನ್ನು ಡಿಸ್‌ಲೊಕೇಶನ್ ಎನ್ನುತ್ತೇವೆ. ಕಮ್ಮಾರನ ಕುಲುಮೆಯ ಕಬ್ಬಿಣ ಬಾಗುವುದೂ ಇವುಗಳ ಚಲನೆಯಿಂದಲೇ. ಸಾಮಾನ್ಯವಾಗಿ ಸುಮಾರು 300 ಡಿಗ್ರಿ ದಾಟಿದ ಮೇಲೆ ಬೆಣಚುಕಲ್ಲು (ಕ್ವಾರ್ಟ್ಸ್) ಹೀಗೆ ಹರಿಯತೊಡಗುತ್ತದೆ. ಫೆಲ್ಡ್‌ಸ್ಪಾರ್ ಹರಿಯಲು ಇನ್ನೂ ಹೆಚ್ಚಿನ ಉಷ್ಣತೆ ಬೇಕು. ಆದ್ದರಿಂದಲೇ ಒಂದೇ ಶಿಲೆಯಲ್ಲಿ ಬೆಣಚುಕಲ್ಲು ನೂಲಿನಂತೆ ಎಳೆದುಕೊಂಡಿದ್ದರೆ, ಪಕ್ಕದ ಫೆಲ್ಡ್‌ಸ್ಪಾರ್ ಬಿರುಕು ಬಿಟ್ಟು ನಿಂತಿರುವುದನ್ನು ಸೂಕ್ಷ್ಮದರ್ಶಕದಲ್ಲಿ ಕಾಣಬಹುದು.

ಇಲ್ಲಿ ಒಂದು ಸಮಸ್ಯೆ ಎದುರಾಯಿತು. ಪ್ರಯೋಗಾಲಯದಲ್ಲಿ ಶುದ್ಧವಾದ, ಒಣ ಬೆಣಚು ಹರಳನ್ನು ಎಷ್ಟು ಕಾಯಿಸಿ ಒತ್ತಿದರೂ ಅದು ಸುಲಭಕ್ಕೆ ಬಗ್ಗಲಿಲ್ಲ. ಭೂಮಿಯೊಳಗೆ ಬಾಗಿದ್ದು ಇಲ್ಲೇಕೆ ಬಾಗುವುದಿಲ್ಲ? ಉತ್ತರ ಸಿಕ್ಕಿದ್ದು 1965ರಲ್ಲಿ. ಅಮೆರಿಕದ ಗ್ರಿಗ್ಸ್ ಮತ್ತು ಬ್ಲೇಸಿಕ್ ನೈಸರ್ಗಿಕ ಹರಳಿನ ಬದಲು ಕೃತಕ ಹರಳನ್ನು ಪರೀಕ್ಷಿಸಿದರು. ಗಡಿಯಾರ, ರೇಡಿಯೋಗಳ ಆಂದೋಲಕಗಳಿಗಾಗಿ ಉಕ್ಕಿನ ಪಾತ್ರೆಯಲ್ಲಿ, ಬಿಸಿ ಕ್ಷಾರಜಲದಲ್ಲಿ ಬೆಳೆಸುವ ಹರಳು ಅದು. ಸುಮಾರು 400 ಡಿಗ್ರಿ ಸೆ. ಆಸುಪಾಸಿನಲ್ಲಿ ಅದರ ಬಲ ಒಮ್ಮೆಲೇ ಕುಸಿಯಿತು. ಬೆಳೆಯುವಾಗ ಅದರೊಳಗೆ ಸೇರಿಕೊಂಡಿದ್ದ ಅತ್ಯಲ್ಪ ನೀರೇ ಇದಕ್ಕೆ ಕಾರಣ. ಸಿಲಿಕಾನ್ ಮತ್ತು ಆಕ್ಸಿಜನ್‌ಗಳ ಬಲವಾದ ಬಂಧದ ನಡುವೆ ನೀರಿನ ಅಣು ನುಗ್ಗಿ, ಅದನ್ನು ಎರಡು ದುರ್ಬಲ ಕೊಂಡಿಗಳಾಗಿ ಮಾಡುತ್ತದೆ ಎಂದು ಅವರು ವಿವರಿಸಿದರು. ವಿವರಣೆಯ ಸೂಕ್ಷ್ಮಗಳ ಬಗ್ಗೆ ವಾದ ಇಂದಿಗೂ ಮುಗಿದಿಲ್ಲ. ನೀರು ಬೆಣಚನ್ನು ಮೆತ್ತಗಾಗಿಸುತ್ತದೆ ಎಂಬ ಬಗ್ಗೆ ಮಾತ್ರ ತಕರಾರಿಲ್ಲ.

ನೀರಿನ ಇನ್ನೊಂದು ಕೆಲಸ ಶುದ್ಧ ಯಾಂತ್ರಿಕವಾದದ್ದು. ಬಿಸಿನೀರಿನಲ್ಲಿ ತೊಳೆದ ಸ್ಟೀಲ್ ಲೋಟವನ್ನು ಒದ್ದೆ ಕಡಪ ಕಲ್ಲಿನ ಮೇಲೆ ಬೋರಲು ಹಾಕಿ. ಒಮ್ಮೊಮ್ಮೆ ಅದು ತಾನಾಗಿಯೇ ಜಾರಿಹೋಗುತ್ತದೆ. ಒಳಗೆ ಸಿಕ್ಕಿಕೊಂಡ ಗಾಳಿ ಬಿಸಿಯಾಗಿ ಹಿಗ್ಗಿ, ಲೋಟದ ತೂಕದ ಒಂದು ಪಾಲನ್ನು ತಾನು ಹೊರುತ್ತದೆ. ಕಲ್ಲಿನ ಮೇಲೆ ಬೀಳುವ ತೂಕ ಕಡಿಮೆಯಾದಷ್ಟೂ ಘರ್ಷಣೆ ಕಡಿಮೆ. ಶಿಲೆಯ ಬಿರುಕಿನಲ್ಲಿ ಸಿಕ್ಕಿಕೊಂಡ ನೀರೂ ಹೀಗೆಯೇ. ಬಿರುಕುಗಳು ನೆಲದವರೆಗೆ ತೆರೆದಿದ್ದರೆ 10 ಕಿ.ಮೀ. ಆಳದಲ್ಲಿ ನೀರಿನ ಒತ್ತಡ 9.8 ಕೋಟಿ ಪಾಸ್ಕಲ್ ಮಾತ್ರ. ದಾರಿ ಮುಚ್ಚಿಹೋದರೆ ಅದು ಕಲ್ಲಿನ ಒತ್ತಡವಾದ 26.5 ಕೋಟಿಯ ಹತ್ತಿರಕ್ಕೂ ಏರಬಲ್ಲದು. ಆಗ ಎರಡು ಬಂಡೆಮುಖಗಳನ್ನು ಒತ್ತಿ ಹಿಡಿದಿರುವ ಬಲ ಹೆಚ್ಚು ಕಡಿಮೆ ಇಲ್ಲವಾಗುತ್ತದೆ. ಇದರ ಬೆಲೆ ಏನೆಂದು ನೆರೆಯ ಮಹಾರಾಷ್ಟ್ರದ ಕೊಯ್ನಾ ತೋರಿಸಿದೆ. ಜಲಾಶಯ ತುಂಬಿದ ಕೆಲವೇ ವರ್ಷಗಳಲ್ಲಿ, 1967ರ ಡಿಸೆಂಬರ್ 11ರಂದು, 6.3 ಪರಿಮಾಣದ ಭೂಕಂಪ ಅಲ್ಲಿ ಸಂಭವಿಸಿ ಇನ್ನೂರರ ಆಸುಪಾಸಿನಷ್ಟು ಜನ ಸತ್ತರು. ಸ್ತರಭಂಗದಲ್ಲಿ ಕೂಡಿಟ್ಟ ಪೀಡನ ಮೊದಲೇ ಇತ್ತು. ಇಳಿದ ನೀರು ಮತ್ತು ಅದರ ಒತ್ತಡ ಅದನ್ನು ಬಿಡಿಸಿದವು ಎಂಬುದು ಈಗ ಹೆಚ್ಚಿನವರು ಒಪ್ಪಿರುವ ವಿವರಣೆ.

ಇದೇ ಭೌತವಿಜ್ಞಾನ ಕೋಲಾರದಲ್ಲಿ ಚಿನ್ನವನ್ನು ಕೂಡಿಸಿತು. ಕೋಲಾರದ ಶಿಸ್ಟ್ ಪಟ್ಟಿ ಸುಮಾರು 270 ಕೋಟಿ ವರ್ಷ ಹಳೆಯದು; ಚಿನ್ನದ ಬಹುಪಾಲು ಅಲ್ಲಿನ ಬೆಣಚುಕಲ್ಲಿನ ರೀಫ್‌ಗಳಲ್ಲಿತ್ತು. ಇಂಥ ರೀಫ್‌ಗಳು ಹೇಗೆ ಆದವು ಎಂಬುದಕ್ಕೆ ಸಿಬ್ಸನ್, ರಾಬರ್ಟ್ ಮತ್ತು ಪೌಲ್ಸನ್ 1988ರಲ್ಲಿ ಒಂದು ಸೊಗಸಾದ ಮಾದರಿ ಕೊಟ್ಟರು. ಕುಕ್ಕರನ್ನು ನೆನೆಯಿರಿ. ಆಳದಿಂದ ಏರಿಬಂದ ಬಿಸಿನೀರು ಸ್ತರಭಂಗದ ಕೆಳಗೆ ಸೇರಿ ಒತ್ತಡ ಹೆಚ್ಚುತ್ತದೆ. ಬಂಡೆ ಜಾರುತ್ತದೆ, ಭೂಕಂಪವಾಗುತ್ತದೆ, ಬಿರುಕು ತೆರೆದು ನೀರು ಮೇಲಕ್ಕೆ ನುಗ್ಗುತ್ತದೆ. ಒತ್ತಡ ಥಟ್ಟನೆ ಇಳಿದಾಗ ನೀರಿನಲ್ಲಿ ಕರಗಿದ್ದ ಸಿಲಿಕ ಹಿಡಿದಿರಲಾಗದೆ ಬೆಣಚಾಗಿ ಕೂಡುತ್ತದೆ. ಕೊಳವೆಬಾವಿಯ ಪೈಪಿನೊಳಗೆ ಸುಣ್ಣದ ಪೊರೆ ಕಟ್ಟಿದಂತೆ ದಾರಿ ಮತ್ತೆ ಮುಚ್ಚುತ್ತದೆ. ಮತ್ತೆ ಒತ್ತಡ, ಮತ್ತೆ ಜಾರುವಿಕೆ. ಚಿನ್ನ ಈ ನೀರಿನಲ್ಲಿ ಗಂಧಕದೊಂದಿಗೆ ಕೂಡಿಕೊಂಡು ಸಾಗುತ್ತಿರುತ್ತದೆ. ಒತ್ತಡ ಇಳಿದು ಗಂಧಕದ ಅನಿಲ ಬೇರ್ಪಟ್ಟಾಗ, ಅಥವಾ ಗಂಧಕ ಅಕ್ಕಪಕ್ಕದ ಶಿಲೆಯ ಕಬ್ಬಿಣದೊಡನೆ ಸೇರಿದಾಗ, ಚಿನ್ನಕ್ಕೆ ಜೊತೆಗಾರ ಇಲ್ಲವಾಗಿ ಅಲ್ಲಿಯೇ ಉಳಿಯುತ್ತದೆ. ಒಂದೊಂದು ಸಲಕ್ಕೆ ಕೂಡುವುದು ಕಣದಷ್ಟು. ಇಂಥ ಅಸಂಖ್ಯ ಸರದಿಗಳ ಫಲವನ್ನು ನಾವು ಒಂದು ಶತಮಾನಕ್ಕೂ ಮಿಕ್ಕಿ ಅಗೆದು, ಸುಮಾರು 800 ಟನ್ ತೆಗೆದೆವು.

ಒಮ್ಮೆ ಮೇಣದಂತೆ ಬಗ್ಗಿದ್ದ ಆ ಶಿಲೆ ಗಣಿಗಾರನಿಗೆ ಸಿಕ್ಕಾಗ ಹಾಗಿರಲಿಲ್ಲ. 3 ಕಿ.ಮೀ. ಮೀರಿದ ಆಳದಲ್ಲಿ ಶಿಲೆಯ ಉಷ್ಣತೆ 60 ಡಿಗ್ರಿಗೂ ಹೆಚ್ಚು. ಕೆಲಸ ಮಾಡುವವನಿಗೆ ಅದು ಸಹಿಸಲಾಗದ ಬಿಸಿ, ಬೆಣಚುಕಲ್ಲಿಗೆ ತಣ್ಣಗಿನ ಸ್ಥಿತಿ. ಸುರಂಗ ಕೊರೆದಾಗ ಸುತ್ತಲಿನ ಪೀಡನ ಹರಿದು ಸಡಿಲಗೊಳ್ಳಲಾರದೆ ಬಂಡೆ ಸಿಡಿಯುತ್ತಿತ್ತು. ಈ ಶಿಲಾಸ್ಫೋಟಗಳು ಅನೇಕ ಕಾರ್ಮಿಕರ ಪ್ರಾಣ ತೆಗೆದವು. 2001ರ ಫೆಬ್ರುವರಿಯಲ್ಲಿ ಗಣಿಗಳು ಮುಚ್ಚಿದವು.

ಇನ್ನೂ ಆಳಕ್ಕೆ, ಭೂಚಿಪ್ಪಿನ ನಡುಭಾಗಕ್ಕೆ ಹೋದರೆ ನೀರೇ ಇಲ್ಲವಾಗುವ ವಿಚಿತ್ರ ಕಾಣುತ್ತದೆ. ಕನಕಪುರದ ಕಡೆಯ ಕಬ್ಬಾಳದುರ್ಗದಲ್ಲಿ ಬೂದು ನೈಸ್‌ನ ನಡುವೆ ಎಣ್ಣೆ ಸವರಿದಂತಹ ಕಪ್ಪು ಮಚ್ಚೆಗಳಿವೆ. ಅದು ಚಾರ್ನೊಕೈಟ್. ಮಚ್ಚೆಗಳು ಶಿಲೆ ಜಾರಿದ, ಬಾಗಿದ ಗೆರೆಗಳ ಗುಂಟ ಹರಡಿವೆ. ಇಲ್ಲಿ ಚಾರ್ನೊಕೈಟ್ ತಯಾರಾಗುತ್ತಿರುವುದನ್ನೇ ನೋಡಬಹುದೆಂದು 1960ರಲ್ಲಿ ಸಿ.ಎಸ್. ಪಿಚ್ಚಮುತ್ತು ಬರೆದರು. ಹೈಡ್ರಾಕ್ಸಿಲ್ ಹೊತ್ತ ಹಾರ್ನ್‌ಬ್ಲೆಂಡ್ ಮತ್ತು ಕಪ್ಪು ಅಭ್ರಕ ಅಳಿದು, ನೀರಿಲ್ಲದ ಪೈರಾಕ್ಸೀನ್ ಹುಟ್ಟಿದೆ. 1979ರಲ್ಲಿ ಜನಾರ್ಧನ್, ನ್ಯೂಟನ್ ಮತ್ತು ಸ್ಮಿತ್, 700 ಡಿಗ್ರಿ ದಾಟಿದ ಆ ಉಷ್ಣತೆಯಲ್ಲಿ ಕೆಳಗಿನಿಂದ ಏರಿದ ಇಂಗಾಲದ ಡೈಆಕ್ಸೈಡ್ ನೀರಿನ ಪಾಲನ್ನು ತಗ್ಗಿಸಿತು ಎಂದು ವಾದಿಸಿದರು. ಶಿಲೆ ಭಾಗಶಃ ಕರಗಿ, ಆ ದ್ರವವೇ ನೀರನ್ನು ಹೀರಿಕೊಂಡಿತು ಎನ್ನುವವರೂ ಇದ್ದಾರೆ. ಉಪ್ಪುನೀರಿನ ಪಾತ್ರವನ್ನು ಹೇಳುವವರೂ ಇದ್ದಾರೆ. ಮಚ್ಚೆಗಳು ಬಿರುಕಿನ ಗುಂಟವೇ ಇರುವುದರಿಂದ ಹೊರಗಿನ ಅನಿಲದ ವಾದ ನನಗೆ ಹೆಚ್ಚು ಸಹಜವೆನಿಸುತ್ತದೆ.

ಇದಕ್ಕೆ ಸಾಕ್ಷಿ ಹರಳುಗಳೊಳಗಿನ ಸೂಕ್ಷ್ಮ ಗುಳ್ಳೆಗಳು. ಗುಳ್ಳೆಯನ್ನು ತಂಪುಗೊಳಿಸಿ ಹೆಪ್ಪುಗಟ್ಟಿಸಿ, ಮತ್ತೆ ಮೆಲ್ಲಗೆ ಬಿಸಿ ಮಾಡಿದಾಗ -56.6 ಡಿಗ್ರಿ ಸೆ.ನಲ್ಲಿ ಕರಗಿದರೆ ಅದು ಶುದ್ಧ ಇಂಗಾಲದ ಡೈಆಕ್ಸೈಡ್. ಮುಂದೆ, ನಮ್ಮ ಪದವಿ ತರಗತಿಯ ಪುಸ್ತಕದಲ್ಲಿರುವ 31 ಡಿಗ್ರಿಯ ಕ್ರಾಂತಿಬಿಂದುವಿಗೆ ಮುಂಚೆಯೇ, ದ್ರವ ಹಾಗೂ ಅನಿಲ ಒಂದಾಗುತ್ತವೆ. ಎಷ್ಟು ಡಿಗ್ರಿಯಲ್ಲಿ ಒಂದಾದವು ಎಂಬುದರಿಂದ ಸಾಂದ್ರತೆ ತಿಳಿಯುತ್ತದೆ. ಸಾಂದ್ರತೆಯಿಂದ, ಗುಳ್ಳೆ ಸಿಕ್ಕಿಕೊಂಡಾಗಿನ ಉಷ್ಣತೆ ಗೊತ್ತಿದ್ದರೆ, ಆಗಿನ ಒತ್ತಡ. ಗುಳ್ಳೆ ಸಿಕ್ಕಿಕೊಂಡದ್ದು ಪೈರಾಕ್ಸೀನ್ ಹುಟ್ಟಿದಾಗಲೋ, ಶಿಲೆ ಮೇಲೇರಿ ಬರುವಾಗ ಮತ್ತೆ ಬಿರುಕುಬಿಟ್ಟಾಗಲೋ ಎಂಬುದನ್ನು ಮಾತ್ರ ಒಂದೊಂದು ಹರಳಿನಲ್ಲೂ ಬೇರೆಬೇರೆಯಾಗಿ ತೀರ್ಮಾನಿಸಬೇಕಾಗುತ್ತದೆ.