ವಿದೇಶದ ಬೇಸಿಗೆ ವೈದ್ಯಕೀಯ ಶಿಬಿರ: ನಿಮ್ಮ ಮಗುವಿಗೆ ಹೊಂದುತ್ತದೆಯೇ?

ಒಂಬತ್ತನೇ, ಹತ್ತನೇ ತರಗತಿಯ ಮಕ್ಕಳಿರುವ ಮನೆಗಳಿಗೆ ಡಿಸೆಂಬರ್-ಜನವರಿ ಹೊತ್ತಿಗೆ ಇಂಥದ್ದೊಂದು ಇಮೇಲ್ ಬರುವುದುಂಟು. 'ಭವಿಷ್ಯದ ವೈದ್ಯೆಯಾಗಿ ನಿಮ್ಮ ಮಗಳು ಆಯ್ಕೆಯಾಗಿದ್ದಾಳೆ' ಎಂಬ ಒಕ್ಕಣೆ, ಬಿಳಿ ಕೋಟು ತೊಟ್ಟು ನಗುತ್ತಿರುವ ಹುಡುಗ ಹುಡುಗಿಯರ ಚಿತ್ರ, ಅಮೆರಿಕದ್ದೋ ಬ್ರಿಟನ್ನಿನದ್ದೋ ದೊಡ್ಡ ವಿಶ್ವವಿದ್ಯಾಲಯದ ಹೆಸರು, ಕೊನೆಯಲ್ಲಿ ಡಾಲರ್ ಲೆಕ್ಕದ ಶುಲ್ಕ. ಎರಡು ಮೂರು ವಾರದ ಶಿಬಿರವೇ ಆದರೂ ವಿಮಾನ, ವೀಸಾ, ವಿಮೆ ಎಲ್ಲ ಸೇರಿದರೆ ಹಲವು ಲಕ್ಷ ರೂಪಾಯಿ ಆಗುತ್ತದೆ. ಮಗಳು ಕಳಿಸಿ ಎನ್ನುತ್ತಾಳೆ. ಸಾಲ ಮಾಡಿಯಾದರೂ ಕಳಿಸೋಣವೇ ಎಂದು ಅಪ್ಪ ಅಮ್ಮ ಯೋಚಿಸುತ್ತಾರೆ.

ಇಂಥ ಶಿಬಿರಗಳೆಲ್ಲ ಮೋಸವಲ್ಲ. ಆದರೆ ಇವುಗಳ ಸುತ್ತ ಕೆಲವು ತಪ್ಪು ನಂಬಿಕೆಗಳಿವೆ. ಅವನ್ನು ಬದಿಗಿಟ್ಟರೆ ನಿರ್ಧಾರ ಸುಲಭವಾಗುತ್ತದೆ.

ಅಲ್ಲಿ ನಿಜಕ್ಕೂ ಏನು ನಡೆಯುತ್ತದೆ?

ಸಾಮಾನ್ಯವಾಗಿ ಬೆಳಿಗ್ಗೆ ಉಪನ್ಯಾಸ ಇರುತ್ತದೆ. ಆಮೇಲೆ ಬೊಂಬೆಯ ಮೇಲೆ ಸಿಪಿಆರ್ ಅಭ್ಯಾಸ, ಸಿಲಿಕೋನ್ ತುಂಡಿನ ಮೇಲೆ ಹೊಲಿಗೆ ಹಾಕುವುದು, ಅಂಗರಚನೆಯ ಪಾಠ, ಕಲ್ಪಿತ ರೋಗಿಯ ಕಥೆ ಕೊಟ್ಟು ಕಾಯಿಲೆ ಪತ್ತೆ ಮಾಡಿಸುವ ಆಟ, ಒಂದೆರಡು ಆಸ್ಪತ್ರೆ ಭೇಟಿ. ಹದಿನಾರರ ಮಗು ನಿಜವಾದ ರೋಗಿಗೆ ಚಿಕಿತ್ಸೆ ಕೊಡುವುದಿಲ್ಲ, ಕೊಡಲೂಬಾರದು. ದೂರ ನಿಂತು ನೋಡುವುದು, ಕೇಳುವುದು, ಬರೆದುಕೊಳ್ಳುವುದು ಇದರ ಬಹುಪಾಲು.

ಇನ್ನೊಂದು ವಿಷಯ. ಕಠಿಣ ಆಯ್ಕೆ ನಡೆಸುವ, ಸಂಶೋಧನಾಲಯದಲ್ಲಿ ಕೆಲಸ ಕಲಿಸುವ ಕಾರ್ಯಕ್ರಮಗಳಲ್ಲಿ ಕೆಲವು ನಮ್ಮ ಮಕ್ಕಳಿಗೆ ತೆರೆದೇ ಇಲ್ಲ. ಉದಾಹರಣೆಗೆ, ಸ್ಟ್ಯಾನ್‌ಫರ್ಡ್ ವೈದ್ಯಕೀಯ ಶಾಲೆಯ ಎಸ್‌ಐಎಂಆರ್ ಕಾರ್ಯಕ್ರಮ ಅಮೆರಿಕದ ಪೌರರಿಗೆ ಮತ್ತು ಅಲ್ಲಿನ ಕಾಯಂ ನಿವಾಸಿಗಳಿಗೆ ಮಾತ್ರ. ಅದೇ ಹೊತ್ತಿಗೆ, ಬೇಸಿಗೆಯಲ್ಲಿ ಖಾಲಿ ಇರುವ ವಿಶ್ವವಿದ್ಯಾಲಯದ ಕಟ್ಟಡಗಳನ್ನು ಬಾಡಿಗೆಗೆ ಪಡೆದು ಖಾಸಗಿ ಕಂಪನಿಗಳು ನಡೆಸುವ ಶಿಬಿರಗಳೂ ಇವೆ. ಅಲ್ಲಿ ವಿಶ್ವವಿದ್ಯಾಲಯದ ಆವರಣ ಸಿಗುತ್ತದೆ, ವಿಶ್ವವಿದ್ಯಾಲಯದ ಪ್ರಮಾಣಪತ್ರ ಸಿಗುವುದಿಲ್ಲ.

ನಂಬಿಕೆ 1: ಹೋಗಿ ಬಂದರೆ ಮೆಡಿಕಲ್ ಸೀಟು ಸುಲಭ

ಭಾರತದಲ್ಲಿ ಇದು ಸುಳ್ಳು. ಎಂಬಿಬಿಎಸ್ ಪ್ರವೇಶಕ್ಕೆ ನೀಟ್ ಒಂದೇ ದಾರಿ. 2020ರಿಂದ ಏಮ್ಸ್ ಮತ್ತು ಜಿಪ್ಮರ್ ಕೂಡ ಇದರೊಳಗೆ ಬಂದಿವೆ. 180 ಪ್ರಶ್ನೆ, 720 ಅಂಕದ ಆ ಪರೀಕ್ಷೆಯಲ್ಲಿ ಶಿಬಿರದ ಪ್ರಮಾಣಪತ್ರಕ್ಕೆ ಅರ್ಧ ಅಂಕವೂ ಇಲ್ಲ. ವಿದೇಶದಲ್ಲಿ ಎಂಬಿಬಿಎಸ್ ಓದಿ ಇಲ್ಲಿಗೆ ಮರಳಿ ವೃತ್ತಿ ನಡೆಸಬೇಕೆನ್ನುವವರೂ ಮೊದಲು ನೀಟ್ ಅರ್ಹತೆ ಪಡೆದಿರಬೇಕು.

ಅಮೆರಿಕದ ಲೆಕ್ಕ ಬೇರೆ. ಅಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷದ ಪದವಿ ಮುಗಿಸಿ, ಎಂಕ್ಯಾಟ್ ಪರೀಕ್ಷೆ ಬರೆದ ಮೇಲೆ ವೈದ್ಯಕೀಯ ಶಾಲೆಗೆ ಅರ್ಜಿ ಹಾಕುತ್ತಾರೆ. ಹದಿನಾರರಲ್ಲಿ ಮಾಡಿದ ಶಿಬಿರ ಆ ಹೊತ್ತಿಗೆ ಹಳೆಯ ಮಾತಾಗಿರುತ್ತದೆ. ಬ್ರಿಟನ್ನಿನಲ್ಲಿ ಹನ್ನೆರಡನೇ ತರಗತಿ ಮಟ್ಟದ ಓದಿನ ನಂತರವೇ ವೈದ್ಯಕೀಯ ಸೇರಬಹುದು. ಅರ್ಜಿದಾರರು ಈ ವೃತ್ತಿಯನ್ನು ಅರಿತಿದ್ದಾರೆಯೇ ಎಂದು ಅಲ್ಲಿನ ಸಂದರ್ಶನದಲ್ಲಿ ಕೇಳುತ್ತಾರೆ. ಆದರೆ ಆ ಅನುಭವ ಆಸ್ಪತ್ರೆಯಲ್ಲೇ ಆಗಬೇಕೆಂದಿಲ್ಲ, ಜನರ ಆರೈಕೆ ಮಾಡಿದ ಬೇರೆ ಕೆಲಸವೂ ಆಗುತ್ತದೆ ಎನ್ನುವುದು ಅಲ್ಲಿನ ಮೆಡಿಕಲ್ ಸ್ಕೂಲ್ಸ್ ಕೌನ್ಸಿಲ್‌ನ ಮಾರ್ಗದರ್ಶನ. ವೃದ್ಧಾಶ್ರಮದಲ್ಲಿ ಆರು ತಿಂಗಳು ಪ್ರತಿ ಭಾನುವಾರ ಕಳೆದ ಮಗುವಿನ ಬಳಿ ಸಂದರ್ಶನದಲ್ಲಿ ಹೇಳುವುದಕ್ಕೆ ಬಹಳ ಇರುತ್ತದೆ.

ನಂಬಿಕೆ 2: ರಕ್ತ ಕಂಡರೆ ತಲೆ ಸುತ್ತುವವರು ಡಾಕ್ಟರ್ ಆಗಲಾರರು

ಕೆಲವು ಮನೆಗಳಲ್ಲಿ ಶಿಬಿರವನ್ನು ಒಂದು ಪರೀಕ್ಷೆಯಂತೆ ನೋಡುತ್ತಾರೆ: ಹೋಗಿ ರಕ್ತ ನೋಡಲಿ, ತಡೆದುಕೊಂಡರೆ ಡಾಕ್ಟರ್, ಇಲ್ಲದಿದ್ದರೆ ಎಂಜಿನಿಯರ್. ಇದು ಸರಿಯಾದ ಪರೀಕ್ಷೆಯಲ್ಲ.

ರಕ್ತ ಅಥವಾ ಸೂಜಿ ಕಂಡಾಗ ಕೆಲವರಲ್ಲಿ ಹೃದಯ ಬಡಿತ ಮತ್ತು ರಕ್ತದೊತ್ತಡ ಮೊದಲು ಏರಿ, ಆಮೇಲೆ ತಟ್ಟನೆ ಕುಸಿಯುತ್ತವೆ. ಮಿದುಳಿಗೆ ರಕ್ತ ಕಡಿಮೆಯಾಗಿ ಕಣ್ಣು ಕತ್ತಲೆ ಬರುತ್ತದೆ. ಇದು ದೇಹದ ಪ್ರತಿಕ್ರಿಯೆ, ಮನಸ್ಸಿನ ದೌರ್ಬಲ್ಯವಲ್ಲ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್-ಗೋರನ್ ಓಸ್ಟ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಇದಕ್ಕೊಂದು ಸರಳ ವಿಧಾನ ರೂಪಿಸಿದರು. ಕೈ, ಕಾಲು, ಹೊಟ್ಟೆಯ ಸ್ನಾಯುಗಳನ್ನು 10ರಿಂದ 15 ಸೆಕೆಂಡು, ಮುಖ ಬೆಚ್ಚಗಾಗುವವರೆಗೆ ಬಿಗಿ ಹಿಡಿಯುವುದು, ಅರ್ಧ ನಿಮಿಷ ಸಡಿಲ ಬಿಡುವುದು, ಹೀಗೆ ಐದು ಬಾರಿ. ಇದರಿಂದ ರಕ್ತದೊತ್ತಡ ಕುಸಿಯದಂತೆ ತಡೆಯಬಹುದು. ಅಭ್ಯಾಸದಿಂದ ಅನೇಕರಿಗೆ ಗುಣ ಕಾಣುತ್ತದೆ. ಆದರೆ ರಕ್ತ ನೋಡದೆಯೂ, ಓಡುವಾಗ ಆಡುವಾಗ ಮಗು ಮೂರ್ಛೆ ಹೋಗುತ್ತಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಹಾಗಾದರೆ ಯಾವ ಮಗುವಿಗೆ ಹೊಂದುತ್ತದೆ?

ಅಂಕಪಟ್ಟಿ ಇದನ್ನು ಹೇಳುವುದಿಲ್ಲ. ನಾಲ್ಕು ವಿಷಯ ಗಮನಿಸಿ.

ಆಸೆ ಯಾರದು? ಶಿಬಿರದಲ್ಲಿ ಏನು ತಿಳಿದುಕೊಳ್ಳಬೇಕೆಂದಿದ್ದೀಯ ಎಂದು ಕೇಳಿ ನೋಡಿ. 'ಆಪರೇಷನ್ ಥಿಯೇಟರಿನಲ್ಲಿ ಯಾರು ಯಾರಿಗೆ ಏನು ಹೇಳುತ್ತಾರೆ ನೋಡಬೇಕು' ಎಂದರೆ ಅಲ್ಲೊಂದು ನಿಜವಾದ ಪ್ರಶ್ನೆ ಇದೆ. 'ಗೆಳತಿ ಹೋಗುತ್ತಿದ್ದಾಳೆ', 'ಅಪ್ಪ ಹೇಳಿದರು' ಎಂದರೆ ಇನ್ನೊಂದು ವರ್ಷ ಕಾಯುವುದರಿಂದ ನಷ್ಟವೇನಿಲ್ಲ.

ಮನೆ ಬಿಟ್ಟು ಇದ್ದ ಅಭ್ಯಾಸ ಇದೆಯೇ? ಮನೆಯ ನೆನಪು ಕಾಡುವುದರ ಬಗ್ಗೆ ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2007ರಲ್ಲಿ ಒಂದು ವರದಿ ಪ್ರಕಟಿಸಿತು. ಹೋಗುವ ತೀರ್ಮಾನದಲ್ಲಿ ಮಗುವೂ ಪಾಲುಗೊಂಡಿರಬೇಕು, ಮೊದಲು ಕೆಲವು ರಾತ್ರಿ ಬೇರೆಡೆ ಉಳಿದು ರೂಢಿಯಾಗಬೇಕು, 'ಬೇಜಾರಾದರೆ ಬಂದು ಕರೆದುಕೊಂಡು ಹೋಗುತ್ತೇವೆ' ಎಂಬ ಮಾತು ಕೊಡಬಾರದು ಎಂಬುದು ಅದರ ಸಲಹೆಗಳಲ್ಲಿ ಕೆಲವು. ಅಜ್ಜಿ ಮನೆಯಲ್ಲೂ ಒಂದು ವಾರ ಒಬ್ಬಳೇ ಇರದ ಮಗುವನ್ನು ನೇರವಾಗಿ ಬಾಸ್ಟನ್‌ಗೆ ಕಳಿಸುವುದು ದೊಡ್ಡ ಜಿಗಿತ.

ನಿದ್ದೆ ಮತ್ತು ಆರೋಗ್ಯ ಹೇಗಿದೆ? ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಬೇಸಿಗೆಯಲ್ಲಿ ನಮ್ಮ ಗಡಿಯಾರಕ್ಕೂ ನ್ಯೂಯಾರ್ಕಿನ ಗಡಿಯಾರಕ್ಕೂ ಒಂಬತ್ತೂವರೆ ಗಂಟೆ ವ್ಯತ್ಯಾಸ. ದೇಹ ಹೊಂದಿಕೊಳ್ಳಲು ಒಂದು ವಾರವೇ ಹಿಡಿಯಬಹುದು, ಅಂದರೆ ಎರಡು ವಾರದ ಶಿಬಿರದಲ್ಲಿ ಅರ್ಧ. ಆಸ್ತಮಾ, ಅಲರ್ಜಿ, ಫಿಟ್ಸ್ ಅಥವಾ ಖಿನ್ನತೆಗೆ ಔಷಧ ತೆಗೆದುಕೊಳ್ಳುವ ಮಗುವಾದರೆ, ಅದನ್ನು ತಾನೇ ಸಮಯಕ್ಕೆ ಸರಿಯಾಗಿ ನಿಭಾಯಿಸುತ್ತದೆಯೇ ನೋಡಿ. ಇಲ್ಲಿ ಸಾಮಾನ್ಯವಾದ ಔಷಧಕ್ಕೆ ಬೇರೆ ದೇಶದಲ್ಲಿ ನಿರ್ಬಂಧ ಇರಬಹುದು. ಔಷಧದ ರಾಸಾಯನಿಕ ಹೆಸರಿರುವ ವೈದ್ಯರ ಚೀಟಿ ಜೊತೆಗಿರಲಿ.

ಸುಮ್ಮನೆ ನೋಡುತ್ತಾ ಕೂರುವ ತಾಳ್ಮೆ ಇದೆಯೇ? ಕಂಡ ರೋಗಿಯ ಫೋಟೋ ತೆಗೆಯಬಾರದು, ಹೆಸರು ಯಾರಿಗೂ ಹೇಳಬಾರದು, ಸ್ಟೇಟಸ್‌ಗೆ ಹಾಕಬಾರದು. ಇದು ಮನಸ್ಸಿಗೆ ಇಳಿದಿರುವ ಮಗು ಅಲ್ಲಿಂದ ಹೆಚ್ಚು ಕಲಿಯುತ್ತದೆ.

ಶಿಬಿರಕ್ಕೂ ಪರೀಕ್ಷೆ ಇರಲಿ

ಹಣ ಕಟ್ಟುವ ಮೊದಲು ಇಷ್ಟನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ:

• ನಡೆಸುವವರು ವಿಶ್ವವಿದ್ಯಾಲಯವೋ, ಖಾಸಗಿ ಕಂಪನಿಯೋ? ವಿಶ್ವವಿದ್ಯಾಲಯದ ಸ್ವಂತ ಜಾಲತಾಣದಲ್ಲಿ ಈ ಶಿಬಿರದ ಹೆಸರಿದೆಯೇ?
• ಆಸ್ಪತ್ರೆಯಲ್ಲಿ ಒಟ್ಟು ಎಷ್ಟು ಗಂಟೆ? ಯಾವ ವಿಭಾಗದಲ್ಲಿ? ಜೊತೆಗೆ ಯಾರಿರುತ್ತಾರೆ?
• ರಾತ್ರಿ ಹೊತ್ತು ಎಷ್ಟು ಮಕ್ಕಳಿಗೆ ಒಬ್ಬರು ಮೇಲ್ವಿಚಾರಕರು? ಮಗುವಿಗೆ ಜ್ವರ ಬಂದರೆ ಯಾರು ಏನು ಮಾಡುತ್ತಾರೆ?
• ವೀಸಾ ಸಿಗದಿದ್ದರೆ ಹಣ ವಾಪಸು ಎಷ್ಟು? ಅಮೆರಿಕಕ್ಕಾದರೆ ಪ್ರವಾಸಿ ವೀಸಾ ಸಾಕೇ, ವಿದ್ಯಾರ್ಥಿ ವೀಸಾ ಬೇಕೇ? ಇದು ವಾರಕ್ಕೆ ಎಷ್ಟು ಗಂಟೆ ಪಾಠ, ಕ್ರೆಡಿಟ್ ಉಂಟೇ ಎಂಬುದನ್ನು ಅವಲಂಬಿಸುತ್ತದೆ.

'ನಮ್ಮಲ್ಲಿ ಮಕ್ಕಳೇ ಇಂಜೆಕ್ಷನ್ ಕೊಡುತ್ತಾರೆ, ಹೆರಿಗೆಗೆ ಕೈಜೋಡಿಸುತ್ತಾರೆ' ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ ಅಲ್ಲಿಗೆ ಕಳಿಸಬೇಡಿ. ತರಬೇತಿ ಇಲ್ಲದ ಕೈ ರೋಗಿಗೆ ಅಪಾಯ. ಪರದೇಶಕ್ಕೆ ಹೋದ ವಿದ್ಯಾರ್ಥಿಗಳು ತಮ್ಮ ತರಬೇತಿಯ ಮಿತಿ ಮೀರಿ ರೋಗಿಗಳನ್ನು ಮುಟ್ಟಬಾರದು ಎಂದು ಅಮೆರಿಕದ ವೈದ್ಯಕೀಯ ಕಾಲೇಜುಗಳ ಒಕ್ಕೂಟ 2011ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ರಜೆಗೆ ಊರಿಗೆ ಬಂದಾಗ ಮಕ್ಕಳನ್ನು ನೆಂಟರ ನರ್ಸಿಂಗ್ ಹೋಮಿಗೆ 'ಅನುಭವಕ್ಕೆ' ಬಿಡುವ ಅಮೆರಿಕದ ಕನ್ನಡ ಕುಟುಂಬಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅಲ್ಲಿ ಮಾಡಲು ಬಿಡದ್ದನ್ನು ಇಲ್ಲಿನ ರೋಗಿಯ ಮೇಲೆ ಮಾಡಿಸಬಾರದು.

ಕ್ಯಾಲೆಂಡರನ್ನೂ ನೋಡಿ. ನಮ್ಮ ಶಾಲೆಗಳಿಗೆ ರಜೆ ಏಪ್ರಿಲ್-ಮೇನಲ್ಲಿ. ಅಲ್ಲಿನ ಶಿಬಿರಗಳು ಹೆಚ್ಚಾಗಿ ಜೂನ್‌ನಿಂದ ಆಗಸ್ಟ್‌ವರೆಗೆ. ಪಿಯು ಓದುವ ಮಗುವಿಗೆ ತರಗತಿ ಶುರುವಾದ ಮೊದಲ ವಾರಗಳೇ ತಪ್ಪಬಹುದು.

ಮೊದಲು ಊರಲ್ಲೇ ನೋಡಿ

ಶಿಬಿರಕ್ಕೆ ಅರ್ಜಿ ಹಾಕುವ ಮುಂಚೆ ಎರಡು ತಿಂಗಳ ಸಣ್ಣ ಪ್ರಯೋಗ ಮಾಡಬಹುದು. ರೆಡ್ ಕ್ರಾಸ್ ಅಥವಾ ಸೇಂಟ್ ಜಾನ್ ಆಂಬುಲೆನ್ಸ್‌ನಲ್ಲಿ ಪ್ರಥಮ ಚಿಕಿತ್ಸೆ ತರಬೇತಿ ಇದೆಯೇ ವಿಚಾರಿಸಿ. 18 ತುಂಬದವರು ರಕ್ತ ಕೊಡುವಂತಿಲ್ಲ, ಆದರೆ ರಕ್ತದಾನ ಶಿಬಿರದಲ್ಲಿ ಹೆಸರು ಬರೆದುಕೊಳ್ಳಲು, ದಾನಿಗಳಿಗೆ ನೀರು ಕೊಡಲು ನೆರವಾಗಬಹುದು. ರಾತ್ರಿ ಪಾಳಿ ಮುಗಿಸಿ ಬಂದ ನರ್ಸ್ ಅಥವಾ ಕಿರಿಯ ವೈದ್ಯರ ಜೊತೆ ಅರ್ಧ ಗಂಟೆ ಮಾತಾಡಿಸಿ. ವಾರಕ್ಕೊಮ್ಮೆ ವೃದ್ಧಾಶ್ರಮಕ್ಕೆ ಹೋಗಿ, ಹೇಳಿದ್ದನ್ನೇ ಹೇಳುವ ಹಿರಿಯರ ಮಾತು ಕೇಳಿಸಿಕೊಳ್ಳಲಿ. ಮೂರನೇ ವಾರಕ್ಕೂ ತಾನಾಗಿಯೇ ಹೊರಡುತ್ತದೆಯೇ ಎಂಬುದನ್ನು ಗಮನಿಸಿ.

ಇಷ್ಟಾದ ಮೇಲೂ ಮಗುವಿನ ಕುತೂಹಲ ಹೆಚ್ಚುತ್ತಿದ್ದರೆ, ಶಿಬಿರ ನಂಬುವಂಥದ್ದಾಗಿದ್ದರೆ, ಸಾಲವಿಲ್ಲದೆ ಹಣ ಹೊಂದುವುದಾದರೆ ಕಳಿಸಬಹುದು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಬೇಡ ಎನ್ನಲು ಹಿಂಜರಿಯಬೇಡಿ. ಹೋಗದಿದ್ದರೆ ಡಾಕ್ಟರ್ ಆಗುವ ದಾರಿಯೇನೂ ಮುಚ್ಚುವುದಿಲ್ಲ. ಹೋಗಿ ಬಂದ ಮೇಲೆ ಮಗು 'ಇದು ನನಗಲ್ಲ' ಎಂದರೆ ಅದನ್ನೂ ಕೇಳಿಸಿಕೊಳ್ಳಿ. ಖರ್ಚು ಮಾಡಿದ ಲಕ್ಷಗಳನ್ನು ನೆನಪಿಸಿ ಮಗುವನ್ನು ಅದೇ ದಾರಿಗೆ ತಳ್ಳಿದರೆ ಶಿಬಿರಕ್ಕೆ ಕಳಿಸಿದ್ದು ವ್ಯರ್ಥ. ಐದೂವರೆ ವರ್ಷದ ಓದು ಶುರುವಾಗುವ ಮೊದಲೇ ಆ ಮಾತು ತಿಳಿಯಿತಲ್ಲ, ಅದೂ ಶಿಬಿರದಿಂದ ಬಂದ ಲಾಭವೇ.