ಜ್ವರ ಬಿಟ್ಟ ಮೇಲೆ ಉಳಿಯುವ ಚುಕ್ಕೆ, ತುರಿಕೆ

ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳಲ್ಲಿ ಕೊಠಡಿ ಹಿಡಿದು ಓದುವ ಬೆಳೆಗಾರರ ಮಕ್ಕಳು ಅನೇಕರು. ಮಳೆಗಾಲದಲ್ಲಿ ‘ಜ್ವರ’ ಎಂದು ಅಲ್ಲಿಂದ ಫೋನು ಬಂದರೆ ಹೆತ್ತವರ ಎದೆ ಹಾರುವುದು ಸಹಜ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರವೇ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿತು.

ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳೇ ಪ್ಲೇಟ್‌ಲೆಟ್. ಆರೋಗ್ಯವಂತರಲ್ಲಿ ಒಂದು ಮೈಕ್ರೋಲೀಟರ್ ರಕ್ತಕ್ಕೆ ಸುಮಾರು 1.5ರಿಂದ 4.5 ಲಕ್ಷ ಇರುತ್ತವೆ. ಡೆಂಗಿಯಲ್ಲಿ ಇವು ಕುಸಿದು, ಚೇತರಿಕೆಯಲ್ಲಿ ತಾವಾಗಿಯೇ ಏರುತ್ತವೆ. ಎಣಿಕೆ ಸರಿಹೋಗಿ ಹುಡುಗ ಊರಿಗೆ ಬಂದ ಮೇಲೂ ಮೈ ಕೆಂಪಾಗಿ ನಡುನಡುವೆ ಬಿಳಿ ಮಚ್ಚೆ ಕಾಣಬಹುದು. ಅಂಗೈ, ಅಂಗಾಲು ವಿಪರೀತ ತುರಿಸಬಹುದು. ಗಾಬರಿ ಬೇಡ. ಇದು ಚೇತರಿಕೆಯ ಲಕ್ಷಣ. ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಇಳಿಯುತ್ತದೆ. ಚರ್ಮದಡಿ ಒಸರಿದ ರಕ್ತದ ಕಬ್ಬಿಣಾಂಶದಿಂದ ಕಂದು ಕಲೆ ವಾರಗಟ್ಟಲೆ ಉಳಿಯುವುದೂ ಉಂಟು.

ಅಂಜಬೇಕಾದದ್ದು ಹೊಸ ಚುಕ್ಕೆಗೆ. ಗಾಜಿನ ಲೋಟ ಒತ್ತಿ ನೋಡಿ. ಒತ್ತಿದರೂ ಮಾಸದ ಹೊಸ ಚುಕ್ಕೆ, ವಸಡು ಅಥವಾ ಮೂಗಿನಲ್ಲಿ ರಕ್ತ, ಕಪ್ಪು ಮಲ, ತೀವ್ರ ಹೊಟ್ಟೆನೋವು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ವಾರಗಳಾದರೂ ಎಣಿಕೆ ಏರದಿದ್ದರೆ ಬೇರೆ ಕಾರಣವಿರಬಹುದು, ವೈದ್ಯರು ಪರೀಕ್ಷಿಸಲಿ. ಡೆಂಗಿ ಜ್ವರಕ್ಕೆ ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆ ಕೊಡಕೂಡದು. ತುರಿಕೆಗೂ ವೈದ್ಯರನ್ನೇ ಕೇಳಿ.

ಇನ್ನು ನಮ್ಮ ತೋಟದ ಮಾತು. ಬಿದ್ದ ಅಡಿಕೆ ಹಾಳೆಯಲ್ಲಿ ನಿಂತ ಮಳೆನೀರು ಡೆಂಗಿ ಹರಡುವ ಸೊಳ್ಳೆಯ ತೊಟ್ಟಿಲು. ಪೇಟೆಯಿಂದ ಜ್ವರದಲ್ಲೇ ಬಂದವರು ಹಗಲಲ್ಲೂ ಸೊಳ್ಳೆಪರದೆಯೊಳಗೆ ಮಲಗಲಿ. ವಾರಕ್ಕೊಮ್ಮೆ ಹಾಳೆ ಹೆಕ್ಕಿ, ನೀರು ಚೆಲ್ಲಿ. ಮಗನನ್ನು ಕಾಡಿದ ಜ್ವರ ತೋಟದ ಆಳುಗಳ ಮನೆಗೆ ಹೋಗದಿರಲಿ.