ಓದಿದೆ ಎನ್ನುವ ಒಂದು ಮಾತಿಗಾಗಿ

ಆ ಕೊರಿಯರ್ ರಸೀದಿಯನ್ನು ನಾನಿನ್ನೂ ಎಸೆದಿಲ್ಲ. ಕಳಿಸಿದ್ದು ಸ್ಪೈರಲ್ ಬೈಂಡಿಂಗ್ ಮಾಡಿಸಿದ 312 ಪುಟ, ಆರು ವರ್ಷ ಬೆಳಗಿನ ಜಾವ ಎದ್ದು ಬರೆದ ಕಾದಂಬರಿ. ಎರಡು ತಿಂಗಳಾದ ಮೇಲೆ ಪ್ರಕಾಶಕರಿಗೆ ಫೋನ್ ಮಾಡಿದೆ. ‘ನೋಡ್ತಾ ಇದ್ದೀವಿ’ ಎಂದರು. ಆರನೇ ತಿಂಗಳಲ್ಲಿ ‘ದಸರಾ ಕಳೀಲಿ’ ಎಂದರು. ವರ್ಷ ತುಂಬಿದ ಮೇಲೆ ಕೇಳಿದಾಗ, ‘ಯಾವ ಕಾದಂಬರಿ?’ ಎಂದರು. ತಿರಸ್ಕಾರಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಯಾರೂ ಮೊದಲ ಪುಟವನ್ನೂ ತಿರುವಿಲ್ಲ ಎಂಬುದನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ.

ಮೊದಲ ಕಾದಂಬರಿ ಬರೆದ ಬಹಳಷ್ಟು ಜನರಿಗೆ ಈ ಕಾಯುವಿಕೆ ಗೊತ್ತು. ಕವಿತೆಗೆ ಪುರವಣಿಯಿದೆ, ಕತೆಗೆ ದೀಪಾವಳಿ ವಿಶೇಷಾಂಕದ ಸ್ಪರ್ಧೆಯಿದೆ. ಕಾದಂಬರಿಗೆ ಒಂದು ಕಾಲದಲ್ಲಿ ವಾರಪತ್ರಿಕೆಗಳ ಧಾರಾವಾಹಿ ಇತ್ತು. ಮುಂದಿನ ಕಂತು ಬರುವ ಹೊತ್ತಿಗೆ ಓದುಗರ ಪತ್ರ ಬಂದಿರುತ್ತಿತ್ತು. ಆ ಬಾಗಿಲು ಈಗ ಕಿರಿದಾಗಿದೆ.

ಪ್ರಕಾಶಕರ ಕಷ್ಟವೂ ಸಣ್ಣದಲ್ಲ. ಹೊಸಬರ ಕಾದಂಬರಿಯ ಐನೂರೋ ಸಾವಿರವೋ ಪ್ರತಿ ಹಾಕಿಸಬೇಕೆಂದರೆ ಡಿಟಿಪಿ, ಕರಡು ತಿದ್ದುವುದು, ಮುಖಪುಟ, ಕಾಗದ ಎಲ್ಲಕ್ಕೂ ಮೊದಲೇ ಹಣ ಸುರಿಯಬೇಕು. ಆ ಹಣ ಹಿಂದಿರುಗಲು ಅನೇಕರು ನೆಚ್ಚಿಕೊಂಡಿರುವುದು ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು. ಅದು ತಡವಾದರೆ ಮುಂದಿನ ಪುಸ್ತಕವೂ ನಿಲ್ಲುತ್ತದೆ. ಒಬ್ಬಿಬ್ಬರೇ ನಡೆಸುವ ಪ್ರಕಾಶನಗಳಲ್ಲಿ ಹಸ್ತಪ್ರತಿ ಓದಲೆಂದೇ ಒಬ್ಬರನ್ನು ಇಟ್ಟುಕೊಳ್ಳಲು ಹಣ ಎಲ್ಲಿಂದ ಬರಬೇಕು? ಎಲ್ಲ ಒದಗಿದರೂ ಮುನ್ನುಡಿಯೊಂದು ಬಾಕಿ ಉಳಿಯುತ್ತದೆ. ಹಿರಿಯರೊಬ್ಬರ ಮೇಜಿನ ಮೇಲೆ ಅದಕ್ಕಾಗಿ ಕಾದ ಪುಸ್ತಕಗಳೆಷ್ಟೋ.

ಇಂಥ ಹೊತ್ತಿನಲ್ಲಿ ನನಗೆ ಧಾರವಾಡದ ಸುಭಾಸ ರಸ್ತೆಯ ‘ಅಟ್ಟ’ ನೆನಪಾಗುತ್ತದೆ. ಅದು 1933ರಲ್ಲಿ ಜಿ.ಬಿ. ಜೋಶಿಯವರು ಕಟ್ಟಿದ ಮನೋಹರ ಗ್ರಂಥಮಾಲೆಯ ನೆಲೆ. ಅಲ್ಲಿ ಓದುಗರು ಚಂದಾ ಕೊಟ್ಟು ಸದಸ್ಯರಾಗುತ್ತಿದ್ದರು. ಪುಸ್ತಕ ಅಚ್ಚಾಗುವ ಮುಂಚೆಯೇ ಅದಕ್ಕೆ ಓದುಗರಿದ್ದರು. ಬಂದ ಬರಹವನ್ನು ಓದಿ, ಚರ್ಚಿಸಿ, ಸಲಹೆ ಕೊಡಲು ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರಿದ್ದರು. ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ಮಾಡುತ್ತಿದ್ದ ತರುಣ ಯು.ಆರ್. ಅನಂತಮೂರ್ತಿಯವರು ಅಲ್ಲಿ ಬರೆದ ‘ಸಂಸ್ಕಾರ’ 1965ರಲ್ಲಿ ಹೊರಬಂದದ್ದು ಈ ಮಾಲೆಯಿಂದಲೇ. ಅಟ್ಟದ ಬಂಡವಾಳ ದೊಡ್ಡದಿರಲಿಲ್ಲ, ಓದುವ ಶ್ರದ್ಧೆ ದೊಡ್ಡದಿತ್ತು.

ಕಾಯದೆ ತಾವೇ ಹಾದಿ ಮಾಡಿಕೊಂಡವರೂ ನಮ್ಮಲ್ಲಿದ್ದಾರೆ. ನಂಜನಗೂಡು ತಿರುಮಲಾಂಬ ಅವರು ‘ಸತಿಹಿತೈಷಿಣಿ’ ಗ್ರಂಥಮಾಲೆಯನ್ನೇ ಆರಂಭಿಸಿದರು. ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ಅಲೆದು ಮಾರಿದರು. ನಮ್ಮ ಕಾಲದಲ್ಲಿ ವಸುಧೇಂದ್ರ ಅವರು ‘ಛಂದ ಪುಸ್ತಕ’ ಕಟ್ಟಿದರು. ಮೊದಲ ಕಥಾಸಂಕಲನಕ್ಕಾಗಿ ಅಲ್ಲಿ ಹಸ್ತಪ್ರತಿ ಸ್ಪರ್ಧೆ ನಡೆಸಿ, ಆಯ್ಕೆಯಾದದ್ದನ್ನು ಪುಸ್ತಕವಾಗಿಸಿದರು. ಚೊಚ್ಚಲ ಕಾದಂಬರಿಗೂ ಇಂಥ ಸ್ಪರ್ಧೆಗಳು ಹೆಚ್ಚಬೇಕು.

ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ, ಒಳ್ಳೆಯ ಕೆಲಸ. ಆದರೆ ಹೊಸ ಬರಹಗಾರರೆಲ್ಲ ಯುವಕರಲ್ಲ. 1917ರಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರ’ ಬಂದದ್ದು 1963ರಲ್ಲಿ. ಮನೆ, ಮಕ್ಕಳು, ಸಂಸಾರ ಎಲ್ಲ ಕಂಡಾದ ಮೇಲೆ ಪೆನ್ನು ಹಿಡಿಯುವವರು ಇಂದೂ ಇದ್ದಾರೆ. ಅವರಿಗೂ ದಾರಿ ತೆರೆದಿರಬೇಕು.

ಪ್ರಕಾಶಕರಲ್ಲಿ ನನ್ನ ಬೇಡಿಕೆ ಚಿಕ್ಕದು. ಹಸ್ತಪ್ರತಿ ಬಂದಿದೆ ಎಂದು ಒಂದು ಸಂದೇಶ. ಆರು ತಿಂಗಳೊಳಗೆ ಆಗುತ್ತದೆ ಅಥವಾ ಆಗುವುದಿಲ್ಲ ಎಂಬ ಉತ್ತರ. ಅಷ್ಟೂ ಓದಲು ಪುರುಸೊತ್ತಿಲ್ಲದಿದ್ದರೆ ಮೂವತ್ತು ಪುಟ ಓದಿ ಎರಡು ಸಾಲು. ‘ಆಗುವುದಿಲ್ಲ’ ಎಂದರೆ ಬರೆದವರು ಒಂದು ವಾರ ನೊಂದು ಮತ್ತೊಂದು ಕದ ತಟ್ಟುತ್ತಾರೆ. ಏನೂ ಹೇಳದಿದ್ದರೆ ಅದೇ ಕದದ ಮುಂದೆ ವರ್ಷಗಟ್ಟಲೆ ನಿಂತಿರುತ್ತಾರೆ.

ನನ್ನ ಕಾದಂಬರಿಯ ಇನ್ನೊಂದು ಪ್ರತಿಯನ್ನು ಕೊನೆಗೆ ನಮ್ಮ ಬೀದಿಯ ನಿವೃತ್ತ ಮೇಷ್ಟ್ರಿಗೆ ಕೊಟ್ಟೆ. ಇಪ್ಪತ್ತು ದಿನಕ್ಕೆ ಹಿಂದೆ ಕೊಟ್ಟರು. ಕಾಗುಣಿತದ ತಪ್ಪಿಗೆಲ್ಲ ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದರು. 140ನೇ ಪುಟದ ಅಂಚಿನಲ್ಲಿ ಪುಟ್ಟ ಅಕ್ಷರದಲ್ಲಿ ಒಂದು ಪ್ರಶ್ನೆ: ‘ಈ ಅಜ್ಜಿ ಆಮೇಲೆ ಎಲ್ಲಿ ಹೋದಳು?’

ನಿಜ, ಅಜ್ಜಿಯನ್ನು ನಾನು ಮರೆತೇಬಿಟ್ಟಿದ್ದೆ. ಅವಳನ್ನು ಹುಡುಕುತ್ತಾ ಮೂರು ಅಧ್ಯಾಯ ಹೊಸದಾಗಿ ಬರೆದೆ. ಈಗ ಕೊನೆಯ ಪುಟದವರೆಗೂ ಅವಳಿದ್ದಾಳೆ. ಬರುವ ಸೋಮವಾರ ಬೇರೊಬ್ಬ ಪ್ರಕಾಶಕರಿಗೆ ಕಳಿಸುತ್ತೇನೆ. ಈ ಸಲ ಹಸ್ತಪ್ರತಿಯ ಜೊತೆಗೆ, ನನ್ನ ವಿಳಾಸ ಬರೆದ ಒಂದು ಅಂಚೆ ಕಾರ್ಡನ್ನೂ ಇಡುತ್ತೇನೆ.